ಹಂಡೆ ಗುಜರಿಗೋ, ಗ್ಯಾರೇಜಿಗೋ

೭, ಸೋಮವಾರ

ಉಪವಾಸ. ಬೆಳಿಗ್ಗೆ ಒಂದು ಲೋಟ ಹಾಲು, ಇನ್ನು ಊಟ ಸಂಜೆ ದೀಪ ಹಚ್ಚಿದ ಮೇಲೆ. ಹನ್ನೆರಡು ಗಂಟೆಯವರೆಗೆ ಮೌನ. ಮೌನ ಅಂದರೆ ಮೌನವೇ, ಕೈಸನ್ನೆ ಇಲ್ಲ, ಚೀಟಿ ಬರೆಯುವುದೂ ಇಲ್ಲ. ಬೆರಳಿಂದ ಆಡಿದರೂ ಮಾತು ಮಾತೇ ಎಂದು ಅಮ್ಮ ಹೇಳಿಕೊಟ್ಟದ್ದು. ಮೂವತ್ತು ವರ್ಷದಲ್ಲಿ ಒಂದು ಸೋಮವಾರವೂ ತಪ್ಪಿಸಿಲ್ಲ. ಅದಕ್ಕೇ ಸೋಮವಾರ ಈ ಪುಸ್ತಕ ತೆಗೆಯುವುದು ಮಧ್ಯಾಹ್ನದ ಮೇಲೆ.

ಐದಕ್ಕೆ ಎದ್ದೆ. ಸ್ನಾನ, ದೀಪ, ಜಪ. ಆಸ್ಪತ್ರೆಯಿಂದ ಒಗೆಯಲು ಬಂದ ಬೆಡ್‌ಶೀಟುಗಳನ್ನು ಎರಡು ಮಿಷನ್ನಿಗೂ ತುಂಬಿದೆ. ರಕ್ತದ ಕಲೆ ಇದ್ದವನ್ನು ಬೇರೆ ಮಾಡಿ ತಣ್ಣೀರಿನ ತೊಟ್ಟಿಗೆ ಹಾಕಿದೆ. ಬಿಸಿನೀರು ತಾಗಿಸಿದರೆ ರಕ್ತ ಬಟ್ಟೆಯಲ್ಲೇ ಮನೆ ಕಟ್ಟಿಕೊಂಡು ಕೂತುಬಿಡುತ್ತದೆ. ಅಂಗಳ ಗುಡಿಸಿದೆ. ಕಾರಿನ ಕೆಳಗೆ ಊಟದ ತಟ್ಟೆಯಷ್ಟು ಅಗಲ ಕರೀ ಎಣ್ಣೆ ನಿಂತಿತ್ತು. ಒಗೆದ ಬಟ್ಟೆ ಹೊತ್ತು ಓಡಾಡುವ ಜಾಗ, ಹಾಗೇ ಬಿಡಲಾದೀತೇ. ಸೋಪಿನ ಪುಡಿ ಎರಚಿ, ಪೊರಕೆಯಲ್ಲಿ ಗಸಗಸ ಉಜ್ಜಿ, ನೀರು ಹೊಯ್ದು, ಒರೆಸಿ, ನೆಲ ಕನ್ನಡಿ ಮಾಡಿದೆ. ಇವರಿಗೆ ಹನ್ನೆರಡಾದ ಮೇಲೆ ಹೇಳೋಣ ಅಂದುಕೊಂಡೆ.

ಇವರು ಎಂಟಕ್ಕೆ ಗಂಟುಗಳನ್ನು ಹೇರಿಕೊಂಡು ಆಸ್ಪತ್ರೆಗೆ ಹೊರಟರು. ಒಂಬತ್ತೂವರೆಗೆ ನಡೆದುಕೊಂಡು ಬಂದರು. ಷರಟಿನ ತೋಳಿಗೆಲ್ಲ ಮಸಿ.

“ಏರಿನಲ್ಲಿ ಕಟಕಟ ಅಂತು. ಆಮೇಲೆ ಢಮ್ ಅಂತು. ಆಮೇಲೆ ಏನೂ ಅನ್ನಲಿಲ್ಲ” ಎಂದರು.

ನಾದಿನಿ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಬಂದಳು. “ಹಂಡೆ ಒಡೀತಾ ಅಣ್ಣ?” ಎಂದಳು. ಚಳಿಯ ಬೆಳಿಗ್ಗೆ ಮೂತಿಯಿಂದ ಹೊಗೆ ಬಿಡುತ್ತದೆಂದು ಕಾರಿಗೆ ಆ ಹೆಸರಿಟ್ಟವಳು ಅವಳೇ. ಯಾರೂ ನಗಲಿಲ್ಲ. ಇಪ್ಪತ್ತೆರಡು ವರ್ಷದ ಕಾರು. ಹಿಂದಿನ ಸೀಟು ಬಿಚ್ಚಿ ಹಾಕಿ ಬಟ್ಟೆಯ ಗಂಟಿಗೆ ಜಾಗ ಮಾಡಿದ್ದೇವೆ. ಮುಂದಿನ ಸೀಟು ಇಸ್ತ್ರಿಯಾದ ಬಟ್ಟೆಗೆ. ಗಂಟುಗಳ ನಡುವೆ ಒಂದು ಮಣೆ ಇದೆ, ಅದು ನನಗೆ.

ನನಗೆ ಕೇಳುವುದು ಬೆಟ್ಟದಷ್ಟಿತ್ತು. ಜಪಮಣಿ ಹಿಡಿದು ಗಡಿಯಾರ ನೋಡುತ್ತಾ ಕೂತೆ. ಹನ್ನೆರಡಾಯಿತು. ಬಾಯಿ ತೆರೆದರೆ ಮೊದಲು ಬಂದದ್ದು, “ನಿಮಗೇನೂ ಆಗಲಿಲ್ಲವಲ್ಲ.” ಆಮೇಲೆ ಕಾರನ್ನು ಎಳೆಸುವ ಗಡಿಬಿಡಿ. ಎಣ್ಣೆಯ ಸುದ್ದಿ ಮರೆತೇಹೋಯಿತು.

೮, ಮಂಗಳವಾರ

ಇವತ್ತು ಗ್ಯಾರೇಜಿನಲ್ಲಿ ಕಂಡದ್ದನ್ನು ಬರೆಯದಿದ್ದರೆ ಹೊಟ್ಟೆ ಉಬ್ಬಿ ಹೋಗುತ್ತದೆ.

ನಮ್ಮ ಬೀದಿಯ ಕೊನೆಯ ಗ್ಯಾರೇಜು. ಮೇಸ್ತ್ರಿಗೆ ಎಲ್ಲರೂ ಮೊಳೆ ಮೇಸ್ತ್ರಿ ಅನ್ನುತ್ತಾರೆ. ಬರೆದು ಕೊಡದೆ ಅವನು ಯಾವ ದೊಡ್ಡ ಕೆಲಸಕ್ಕೂ ಕೈಹಾಕುವುದಿಲ್ಲ. ಬರೆದು ಕೊಟ್ಟ ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚುತ್ತಾನೆ. “ಬಾಯಲ್ಲಿ ಹೇಳಿದ್ದನ್ನ ಜನ ಬಾಯಲ್ಲೇ ನುಂಗಿಬಿಡ್ತಾರೆ ಅಕ್ಕ. ಕಾಗದ ನುಂಗೋಕೆ ಕಷ್ಟ” ಎಂದ.

ಬಾನೆಟ್ ಎತ್ತಿ, ಕಾರಿನ ಕೆಳಗೆ ಜಾರಿ, ಹೊರಗೆ ಬಂದು ಕೈ ಒರೆಸಿಕೊಂಡ. ಎಂಜಿನ್ನಿನ ಪಕ್ಕೆಯಲ್ಲಿ ಮುಷ್ಟಿ ತೂರುವಷ್ಟು ದೊಡ್ಡ ತೂತು. ಒಳಗಿನ ರಾಡು ಮುರಿದು ಗೋಡೆ ಒಡೆದುಕೊಂಡು ಆಚೆ ಬಂದಿದೆ.

“ಒಳಗೆ ಆಯಿಲ್ ಒಂದು ಚಮಚವೂ ಇಲ್ಲ. ಫಿಲ್ಟರಿನ ರಬ್ಬರು ಸೀಳಿದೆ. ರಾತ್ರಿ ನಿಂತಲ್ಲೇ ಸೋರೋಕೆ ಶುರುವಾಗಿದೆ, ಓಡಿಸುವಾಗ ಉಳಿದದ್ದೂ ಹೋಯ್ತು. ನಿಲ್ಲಿಸಿದ ಜಾಗದಲ್ಲಿ ಕಲೆ ಕಾಣಲಿಲ್ವಾ ಸ್ವಾಮಿ?”

“ಇಲ್ಲ. ನಾನು ದಿನಾ ಬಗ್ಗಿ ನೋಡೇ ಹತ್ತೋದು. ನೆಲ ಶುಭ್ರವಾಗಿತ್ತು” ಎಂದರು ಇವರು.

“ಆಯಿಲ್ ಕಡ್ಡಿ?”

“ಭಾನುವಾರ ಎತ್ತಿ ನೋಡಿದೆ. ಮಟ್ಟ ಸರಿಯಿತ್ತು.” ತಲೆ ಕೆರೆದುಕೊಂಡರು. “ನೋಡಿದೆ ಅಂತ ನೆನಪು. ನೋಡಿದ್ದೆನೋ, ನೋಡಿದೆ ಅಂದ್ಕೊಂಡೆನೋ.”

ಮಂಗಳವಾರ. ಯಾವ ವ್ರತವೂ ಇಲ್ಲ. ನಾಲಿಗೆ ಬಾಯಲ್ಲೇ ಇತ್ತು. ನಾನು ಹೇಳಿದ್ದು ಇಷ್ಟು: “ಮೇಸ್ತ್ರಿಗಳೇ, ಆ ತೂತಿನೊಳಗೆ ಹೊಳೀತಾ ಇರೋದು ಏನು?”

ಅವನು ಟಾರ್ಚು ಕೊಟ್ಟ. ನಾನು ಸೆರಗು ಸಿಕ್ಕಿಸಿ ಬಗ್ಗಿದೆ. ದೇವರೇ, ಎಂಥ ಲೋಕ ಅದು. ಇಪ್ಪತ್ತೆರಡು ವರ್ಷ ಆ ತಗಡಿನ ಹಿಂದೆ ಕೂತು ಓಡಾಡಿದ್ದೇನೆ, ಒಳಗೆ ಇಷ್ಟು ನಯವಾಗಿ ತೀಡಿದ ಕಬ್ಬಿಣ ಇದೆಯೆಂದು ಗೊತ್ತಿರಲಿಲ್ಲ. ನಾಲ್ಕು ಪಿಸ್ಟನ್ನು, ಒಂದು ಇಳಿದರೆ ಒಂದು ಏರುತ್ತದಂತೆ, ಅತ್ತೆ ಸೊಸೆಯರ ಹಾಗೆ. ಅವುಗಳ ನಡುವೆ ಎಣ್ಣೆಯ ತೆಳ್ಳನೆ ಪದರ. ಅದೊಂದು ಇಲ್ಲವಾದರೆ ಕಬ್ಬಿಣವನ್ನು ಕಬ್ಬಿಣವೇ ತಿನ್ನುತ್ತದಂತೆ.

“ಈ ಎಂಜಿನ್ನಿಗೆ ಮದ್ದಿಲ್ಲ” ಎಂದ ಮೇಸ್ತ್ರಿ. “ಒಂದೋ ಕಾರನ್ನ ಗುಜರಿಗೆ ಕೊಡಿ. ಇಲ್ಲವೋ ಇದೇ ಜಾತಿಯ ಬೇರೆ ಕಾರಿನ ಎಂಜಿನ್ ಸಿಕ್ಕಿದ್ರೆ ಕೂರಿಸ್ತೀನಿ. ಮೈಯೇನೋ ಗಟ್ಟಿ ಇದೆ, ತುಕ್ಕಿಲ್ಲ. ಸೋಪಿನ ವಾಸನೆ ಮಾತ್ರ ಹೋಗಲ್ಲ.”

ಮನೆಗೆ ಬರುವಾಗ ಇವರು, “ಗುಜರಿಗೆ ಕೊಟ್ಟುಬಿಡೋಣ. ನಾನಿನ್ನು ಓಡಿಸಲ್ಲ” ಎಂದರು. ಆಮೇಲೆ, “ಅಪ್ಪನಿಗೂ ಹೀಗೇ ಶುರುವಾಗಿದ್ದು” ಎಂದರು.

ಮಾವನವರ ಕೊನೆಯ ನಾಲ್ಕು ವರ್ಷ ನಾನೇ ತುತ್ತು ಮಾಡಿ ತಿನ್ನಿಸಿದ್ದು. ಬಾಗಿಲು ಹಾಕಿದೆ ಅನ್ನುತ್ತಿದ್ದರು, ಬಾಗಿಲು ಹಾರುಹೊಡೆದಿರುತ್ತಿತ್ತು. ಕಡೆಕಡೆಗೆ ನನ್ನನ್ನು ಸಿಸ್ಟರ್ ಎಂದು ಕರೆಯುತ್ತಿದ್ದರು.

ಹೇಳಬೇಕು. ನಾಳೆ ಹೇಳುತ್ತೇನೆ.

೯, ಬುಧವಾರ

ಹೇಳಲು ಪುರುಸೊತ್ತಾಗಲಿಲ್ಲ. ತಳ್ಳುಗಾಡಿಯಲ್ಲಿ ಬಟ್ಟೆ ಸಾಗಿಸಿದೆವು. ಇವರು ಮುಂದೆ ಎಳೆದರು, ನಾನೂ ನಾದಿನಿಯೂ ಹಿಂದಿನಿಂದ ತಳ್ಳಿದೆವು. ಅರ್ಧ ಏರಿನಲ್ಲಿ ಒಂದು ಗಂಟು ಉರುಳಿ ಇಳಿಜಾರಿಗೆ ಓಡಿತು. ನಾನು ಅದರ ಹಿಂದೆ ಓಡಿದೆ. ಐವತ್ತಾದ ಮೇಲೆ ಹೀಗೆ ಓಡಿದ್ದು ಇದೇ ಮೊದಲು. ದಿಂಬಿನ ಗವಸಿನ ಗಂಟು, ನನಗಿಂತ ಜೋರು.

“ಅತ್ತಿಗೆ, ನೀವು ಓಡಿದ್ದು ನೋಡಿ ಹಂಡೆ ಗ್ಯಾರೇಜಲ್ಲೇ ನಾಚಿಕೊಂಡಿರುತ್ತೆ” ಎಂದಳು ನಾದಿನಿ. ಏರಿನ ನಡುವೆ ನಿಂತು ಇಬ್ಬರೂ ಬೆವರು ಒರೆಸುತ್ತಾ ನಕ್ಕೆವು. ಇವರು ನಗಲಿಲ್ಲ.

ಆಸ್ಪತ್ರೆ ಮುಟ್ಟುವಾಗ ಒಂಬತ್ತೂಕಾಲು. ದೊಡ್ಡ ಸಿಸ್ಟರ್ ಕೈಗಡಿಯಾರ ನೋಡಲಿಲ್ಲ, ನನ್ನ ಮುಖ ನೋಡಿದರು. “ಈ ವಾರ ಹೇಗೋ ತಡ್ಕೊಳ್ತೀನಮ್ಮ. ಮುಂದಿನ ವಾರವೂ ಹೀಗಾದ್ರೆ ವ್ಯಾನು ಇರೋರಿಗೆ ಕೆಲಸ ಕೊಡ್ಬೇಕಾಗುತ್ತೆ. ಹಾಸಿಗೆ ಮೇಲೆ ಮಲಗಿದೋರು ಬೆಡ್‌ಶೀಟಿಗೆ ಕಾಯೋಕಾಗುತ್ತಾ?”

ಅವರ ಮಾತು ನ್ಯಾಯವೇ.

ಸಂಜೆ ಮೇಸ್ತ್ರಿ ಬೇಲಿಯ ಆಚೆಯಿಂದಲೇ ಕೂಗಿದ. ಗುಜರಿಯವನ ಹತ್ತಿರ ಇದೇ ಜಾತಿಯ ಕಾರೊಂದು ಬಂದಿದೆಯಂತೆ. ಹಿಂದಿನಿಂದ ಲಾರಿ ಗುದ್ದಿ ಬಾಲ ನುಜ್ಜಾಗಿದೆ, ಎಂಜಿನ್ ಮಾತ್ರ ಚೆನ್ನಾಗಿದೆ. ಸೋಮವಾರ ಹತ್ತಕ್ಕೆ ಹಳೇ ಕಾರುಗಳನ್ನು ತುಂಬಿಕೊಂಡು ಹೋಗಲು ದೊಡ್ಡ ಗಾಡಿ ಬರುತ್ತದಂತೆ. ಅಷ್ಟರೊಳಗೆ ತಿಳಿಸಬೇಕು. ಆ ಎಂಜಿನ್ ನಮ್ಮ ಕಾರಿಗೆ ಬರಬೇಕು, ಇಲ್ಲವಾದರೆ ನಮ್ಮ ಕಾರೂ ಅದರ ಜೊತೆ ಆ ಗಾಡಿ ಹತ್ತಬೇಕು.

ಇವರು “ನಾನು ಬರಲ್ಲ” ಎಂದರು. ನಾನು ಹೋಗುತ್ತೇನೆ ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

೧೧, ಶುಕ್ರವಾರ

ಎಂಥ ದಿನ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಮೇಸ್ತ್ರಿಯ ಜೊತೆ ಗುಜರಿಗೆ ಹೋದೆ. ಕಾರಿನ ಮೇಲೆ ಕಾರು, ಅದರ ಮೇಲೊಂದು ಕಾರು, ಮಡಿಸಿಟ್ಟ ಬಟ್ಟೆಯ ಹಾಗೆ. ಒಂದರ ಕನ್ನಡಿಯಲ್ಲಿ ಯಾರೋ ಕಟ್ಟಿದ ಮಣಿಸರ ಇನ್ನೂ ತೂಗುತ್ತಿತ್ತು. ಗುಜರಿಯವನು ಕುರ್ಚಿಯಿಂದ ಏಳದೆಯೇ ಮಾತಾಡುವ ಆಸಾಮಿ.

“ಕಾರು ಕೊಟ್ರೂ ತಗೋತೀನಿ, ಎಂಜಿನ್ ಕೇಳಿದ್ರೂ ಕೊಡ್ತೀನಿ. ಇತ್ತ ಬಂದ್ರೂ ಸೈ, ಅತ್ತ ಹೋದ್ರೂ ಸೈ. ಯಜಮಾನರು ಬರಲಿಲ್ವಾ?”

“ಯಜಮಾನರ ಬದಲು ಯಜಮಾನಿ ಬಂದಿದ್ದಾಳಲ್ಲ, ತೋರಿಸಿ” ಎಂದೆ. ಮೇಸ್ತ್ರಿ ಕೆಮ್ಮಿದ.

ಬಾಲ ಮುರಿದ ಆ ಕಾರಿಗೆ ಬೇರೆ ಬ್ಯಾಟರಿ ಹಾಕಿ ಕೀಲಿ ತಿರುಗಿಸಿದರು. ಒಂದು ಸಲ ಉಸ್ಸಂತು. ಇನ್ನೊಂದು ಸಲ ಉಸ್ಸಂತು. ಮೂರನೆಯದಕ್ಕೆ ನಾನು ದೇವರ ನಾಮ ಹೇಳುವಷ್ಟರಲ್ಲಿ ಹೊತ್ತಿಕೊಂಡಿತು. ಆಮೇಲೆ ನಿಂತಲ್ಲೇ ನಿದ್ದೆಯಲ್ಲಿ ಉಸಿರಾಡುವ ಕೂಸಿನ ಹಾಗೆ ಹದವಾಗಿ ಓಡಿತು. ಮೈಯೆಲ್ಲ ನುಜ್ಜುಗುಜ್ಜಾಗಿದೆ, ಎದೆ ಮಾತ್ರ ನೆಟ್ಟಗಿದೆ.

ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗೆ ಊರಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕೇಳಿದ. “ನೀವೂ ಕೇಳಿ ಅಕ್ಕ. ಒಳಗೆ ಸವೆದಿದ್ರೆ ಟಿಕ್ ಟಿಕ್ ಅನ್ನುತ್ತೆ. ಚೆನ್ನಾಗಿದ್ರೆ ಬರೀ ಸದ್ದು, ಪದ ಇಲ್ಲ” ಎಂದ. ನಾನು ಕಿವಿ ಕೊಟ್ಟೆ. ಎಂಜಿನ್ನಿನ ಸದ್ದು ನೇರ ತಲೆಬುರುಡೆಯೊಳಗೇ ಬಂತು. ಒಂದೊಂದೇ ಜಾಗಕ್ಕೆ ಮೊನೆ ಸರಿಸುತ್ತಾ ನಾಲ್ಕನ್ನೂ ಕೇಳಿದೆ. ಮೂರು ಒಂದೇ ಹಾಗೆ. ಕಡೆಯದರಲ್ಲಿ ಸಣ್ಣದೊಂದು ಟಿಕ್.

“ಇಲ್ಲಿ ಏನೋ ಕುಟ್ಟುತ್ತಾ ಇದೆ” ಎಂದೆ.

ಮೇಸ್ತ್ರಿ ಮತ್ತೆ ಕಿವಿಯಿಟ್ಟ. ನನ್ನನ್ನು ನೋಡಿದ. “ವಾಲ್ವು ಸಡಿಲ. ಬಿಗಿ ಮಾಡಿದ್ರೆ ಸರಿಹೋಗುತ್ತೆ. ನನಗೆ ಕೇಳಿಸಿರಲಿಲ್ಲ. ಅಕ್ಕ, ಬಟ್ಟೆ ಒಗೆಯೋದು ಬಿಟ್ಟು ನನ್ನ ಹತ್ರ ಬಂದುಬಿಡಿ.”

ಮೂವತ್ತು ವರ್ಷ ಬಾಯಿ ಮುಚ್ಚಿ ಕೂತ ಫಲ ಇದಿರಬೇಕು, ಕಿವಿ ಚುರುಕಾಗಿದೆ. ದಾರಿಯುದ್ದಕ್ಕೂ ಜಪ ಮಾಡಲು ಹೋಗಿ ಎಣಿಕೆ ತಪ್ಪಿದೆ. ನಾಲಿಗೆಯಲ್ಲಿ ದೇವರ ಹೆಸರು, ಕಿವಿಯಲ್ಲಿ ಎಂಜಿನ್ನು.

ಮನೆಗೆ ಬಂದು ಇವರಿಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಖರ್ಚಿಗೆ ನಾವು ಕೂಡಿಟ್ಟದ್ದು ಸಾಕಾಗುತ್ತದೆಂದೂ ಹೇಳಿದೆ. ಇವರು ಪೂರ್ತಿ ಕೇಳಿ, “ನಿನಗೆ ಸರಿ ಕಂಡದ್ದು ಹೇಳು. ನನ್ನ ಕೇಳಬೇಡ. ನನ್ನ ತಲೆ ಮೇಲೆ ನನಗೇ ನಂಬಿಕೆ ಇಲ್ಲ” ಎಂದು ಎದ್ದುಹೋದರು.

ನೀರು ಕುಡಿಯಲು ಅಡುಗೆಮನೆಗೆ ಹೋದೆ. ಗೋಡೆಗೆ ಒಂದು ಕಾಗದ ಅಂಟಿಸಿದ್ದಾರೆ. ಇವರ ಅಕ್ಷರ. ಗ್ಯಾಸ್ ಆರಿಸಿದ್ದು. ಬಾಗಿಲು ಹಾಕಿದ್ದು. ನಲ್ಲಿ ನಿಲ್ಲಿಸಿದ್ದು. ಪ್ರತಿಯೊಂದರ ಮುಂದೆಯೂ ಪೆನ್ಸಿಲಿನ ಗುರುತು. ಇವತ್ತು ಬಾಗಿಲಿನ ಮುಂದೆ ನಾಲ್ಕು ಗುರುತು.

೧೨, ಶನಿವಾರ

ದೇವರ ಮುಂದೆ ಒಂದು ಗಂಟೆ ಕೂತೆ. ಹೇಳಲೋ ಬಿಡಲೋ ಎಂದು ಕೇಳಿದೆ. ಉತ್ತರವಿಲ್ಲ. ಅವನಿಗೆ ವಾರವೆಲ್ಲ ಸೋಮವಾರ.

ಗೋಡೆಯ ಕಾಗದದಲ್ಲಿ ಬಾಗಿಲಿನ ಮುಂದೆ ಇವತ್ತು ಆರು ಗುರುತು.

೧೩, ಭಾನುವಾರ

ಹೇಳಿದೆ.

ಬೆಳಿಗ್ಗೆ ಇಬ್ಬರೂ ಬೆಡ್‌ಶೀಟು ಮಡಿಸುತ್ತಿದ್ದೆವು. ಆ ತುದಿ ಇವರು, ಈ ತುದಿ ನಾನು. ಎಳೆದು ಬಿಗಿ ಮಾಡುವುದು, ಒಬ್ಬರ ಕಡೆಗೆ ಒಬ್ಬರು ನಡೆದು ಮಡಿಕೆ ಕೂಡಿಸುವುದು, ಮತ್ತೆ ಹಿಂದೆ ಸರಿಯುವುದು. ಸಾವಿರಾರು ಸಲ ಮಾಡಿದ ಕೆಲಸ. ಏಳನೆಯ ಶೀಟನ್ನು ಎಳೆದು ಹಿಡಿದಾಗ, ನಡುವೆ ಅಷ್ಟು ದೂರ ಇದ್ದಾಗಲೇ ಹೇಳಿಬಿಟ್ಟೆ.

“ರೀ, ಸೋಮವಾರ ಬೆಳಿಗ್ಗೆ ಕಾರಿನ ಕೆಳಗೆ ಎಣ್ಣೆ ಚೆಲ್ಲಿತ್ತು. ನಾನೇ ಉಜ್ಜಿ ಒರೆಸಿದೆ. ಹನ್ನೆರಡಾಗಿರಲಿಲ್ಲ, ಅದಕ್ಕೆ ಹೇಳಲಿಲ್ಲ.”

ಇವರ ಕೈ ಸಡಿಲಾಯಿತು. ಶೀಟಿನ ನಡು ನೆಲಕ್ಕೆ ತಾಗಿತು.

“ಎಷ್ಟು ಅಗಲ?”

“ಊಟದ ತಟ್ಟೆಯಷ್ಟು.”

“ಭಾನುವಾರ ಸಂಜೆ ಇರಲಿಲ್ವಾ?”

“ಇರಲಿಲ್ಲ. ದೀಪ ಹಚ್ಚೋಕೆ ಮುಂಚೆ ಅಂಗಳ ಗುಡಿಸಿದ್ದೆ. ಒಂದು ತೊಟ್ಟೂ ಇರಲಿಲ್ಲ.”

“ಹಾಗಾದ್ರೆ ಭಾನುವಾರ ಮಟ್ಟ ಸರಿಯೇ ಇತ್ತು. ನಾನು ಕಡ್ಡಿ ನೋಡಿದ್ದೆ.”

“ನೋಡಿದ್ರಿ. ಕಡ್ಡಿ ಒರೆಸೋಕೆ ಬಟ್ಟೆ ಕೊಟ್ಟವಳು ನಾನೇ.”

ಶೀಟನ್ನು ಕೆಳಗೆ ಬಿಟ್ಟು ಒಳಗೆ ಹೋದರು. ಅಡುಗೆಮನೆಯ ಗೋಡೆಯಿಂದ ಕಾಗದ ಕಿತ್ತ ಸದ್ದು ಕೇಳಿತು. ಆಮೇಲೆ ಮೆಟ್ಟಿಲ ಮೇಲೆ ಬಂದು ಕೂತರು. ಒಂದು ಮಾತಿಲ್ಲ. ನಾನು ಶೀಟನ್ನು ಮತ್ತೆ ನೀರಿಗೆ ಹಾಕಿದೆ.

“ಅಣ್ಣನಿಗೆ ಇವತ್ತೇ ಸೋಮವಾರ ಬಂತಾ?” ಎಂದು ನಾದಿನಿ ಕೇಳಿದಳು. ನಾನು ಕಣ್ಣಲ್ಲೇ ಗದರಿದೆ. ವಿಷಯ ತಿಳಿದ ಮೇಲೆ ಅವಳೂ ಇಸ್ತ್ರಿಯ ಕಡೆಗೇ ಮುಖ ಮಾಡಿಕೊಂಡಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಇವರು ತಟ್ಟೆ ನೋಡುತ್ತಾ ಹೇಳಿದರು, “ಸೋಮವಾರದ ಆ ನಾಲ್ಕು ಗಂಟೆ ವ್ರತಕ್ಕೆ ಅಂತ ಬಿಡ್ತೀನಿ. ಆಮೇಲೆ ಆರು ದಿನ ಇತ್ತಲ್ಲ. ಅದು ಯಾವ ವ್ರತ ಕಣೇ?”

ನಾನು ಅನ್ನ ಬಡಿಸಿದೆ. ಹೆದರಿಕೆಗೆ ವ್ರತದ ಸೀರೆ ಉಡಿಸಿದ್ದೆ ಅಂತ ಕಾಣುತ್ತದೆ.

ಊಟ ಮಾಡಿ ಎಲ್ಲಿಗೋ ಹೋದರು. ಎರಡು ಗಂಟೆಯಾದರೂ ಸುಳಿವಿಲ್ಲ. ಸಂಜೆ ಕೈಗೆ ಗ್ರೀಸು ಮೆತ್ತಿಕೊಂಡು ಬಂದರು. ಕಿವಿಯ ಮೇಲೂ ಗ್ರೀಸು. ನೋಡಿದ ಕೂಡಲೇ ತಿಳಿಯಿತು, ಸ್ಕ್ರೂಡ್ರೈವರಿನ ಹಿಡಿ. ಗುಜರಿಗೆ ಹೋಗಿ ಕೇಳಿ ಬಂದಿದ್ದಾರೆ.

“ಕಡೇದ್ರಲ್ಲಿ ಟಿಕ್ ಇದೆ” ಎಂದರು.

“ವಾಲ್ವು ಸಡಿಲ. ಬಿಗಿ ಮಾಡಿದ್ರೆ ಸರಿಹೋಗುತ್ತೆ” ಎಂದೆ.

ಆರು ದಿನದಲ್ಲಿ ಮೊದಲ ಸಲ ಮೀಸೆಯಡಿ ನಕ್ಕರು. ಆಮೇಲೆ ಗಂಭೀರವಾಗಿ, “ಮೇಸ್ತ್ರಿ ನಾಳೆ ಒಂಬತ್ತರೊಳಗೆ ಬರೆದು ಕೊಡಿ ಅಂದ. ನಾನು ಬರೆಯಲ್ಲ. ಓಡಿಸೋದಕ್ಕೆ ಸೈ. ಆದರೆ ಒಂದು ಕರಾರು. ಇನ್ಮೇಲೆ ಹಿಂದೆ ಮಣೆ ಇಲ್ಲ. ನೀನು ಮುಂದೆ ಕೂರಬೇಕು. ಕಂಡದ್ದನ್ನ ಕಂಡಾಗಲೇ ಹೇಳಬೇಕು, ಕೇಳಿಸಿದ್ದನ್ನ ಕೇಳಿಸಿದಾಗಲೇ ಹೇಳಬೇಕು. ಒಪ್ಪಿಗೆ ಆದ್ರೆ ಎಂಜಿನ್ ಅಂತ ಬರೆ. ಇಲ್ಲಾಂದ್ರೆ ಗುಜರಿ ಅಂತ ಬರೆ. ಎರಡಕ್ಕೂ ನನಗೆ ಕೋಪ ಇಲ್ಲ.”

“ನಾಳೆ ಸೋಮವಾರ” ಎಂದೆ.

“ಗೊತ್ತು” ಎಂದರು.

೧೪, ಸೋಮವಾರ, ಬೆಳಿಗ್ಗೆ ಎಂಟೂಕಾಲು

ಉಪವಾಸ. ಹಾಲು ಕುಡಿದೆ. ಸ್ನಾನ, ದೀಪ, ಜಪ ಆಯಿತು. ಎಣಿಕೆ ಸರಿಬಂತು. ಅಂಗಳ ಗುಡಿಸಿದೆ, ಕಾರು ನಿಲ್ಲುತ್ತಿದ್ದ ಜಾಗ ಖಾಲಿ ಹೊಡೆಯುತ್ತಿದೆ. ಎರಡು ಮಿಷನ್ನೂ ತಿರುಗುತ್ತಿವೆ. ಒಂದರಲ್ಲಿ ಬೆಲ್ಟು ಕೀರ್ ಅನ್ನುತ್ತಿದೆ, ಮೊದಲೂ ಅನ್ನುತ್ತಿತ್ತೋ ಏನೋ, ಇವತ್ತು ಕೇಳಿಸಿತು. ಇವರಿಗೆ ಹೇಳಬೇಕು.

ಏಳು ಗಂಟೆಗೆ ನಾದಿನಿ ಕೆಟ್ಟ ಕನಸಿನ ಕಥೆ ಹೇಳಿಕೊಳ್ಳುತ್ತಾ ಇಸ್ತ್ರಿ ಪೆಟ್ಟಿಗೆಯನ್ನು ಬೆಡ್‌ಶೀಟಿನ ಮೇಲೇ ಬಿಟ್ಟು ಕಿಟಕಿ ತೆಗೆಯಲು ಹೋದಳು. ಅಂಚಿನಿಂದ ಹೊಗೆ ಎದ್ದಿತು. “ಇಸ್ತ್ರಿ ಎತ್ತೇ” ಎಂದೆ. ಅವಳು ಎತ್ತುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಕೊನೆಗೆ ನಾನೇ ಹೋಗಿ ಎತ್ತಿದೆ. ಶೀಟು ಉಳಿಯಿತು, ಅಂಚು ಸ್ವಲ್ಪ ಕಂದಿದೆ. ಹೊರಗೆ ತಳ್ಳುಗಾಡಿಗೆ ಗಂಟು ಕಟ್ಟುತ್ತಿದ್ದ ಇವರು ಒಂದು ಗಳಿಗೆ ಹಗ್ಗ ಹಿಡಿದು ಹಾಗೇ ನಿಂತರು. ಆಮೇಲೆ ಗಂಟು ಬಿಗಿಯುತ್ತಾ ಸಿಳ್ಳೆ ಹಾಕಿದರು. ಎಷ್ಟು ಕಾಲವಾಗಿತ್ತು ಆ ಸಿಳ್ಳೆ ಕೇಳಿ.

ಒಂಬತ್ತಕ್ಕೆ ಮುಕ್ಕಾಲು ಗಂಟೆಯಿದೆ. ರಕ್ತದ ಕಲೆಯ ಬಟ್ಟೆ ತಣ್ಣೀರಿನಲ್ಲಿದೆ, ಅದನ್ನು ಬಿಟ್ಟು ನಾನು ಗ್ಯಾರೇಜಿಗೆ ಹೋಗುವಂತಿಲ್ಲ. ಬೇರೆ ಕಾಗದ ಹುಡುಕಲೂ ಹೊತ್ತಿಲ್ಲ. ಈ ಪುಟದ ಕೆಳಗಿನ ಅರ್ಧದಲ್ಲೇ ಬರೆದು, ಹರಿದು, ಗಾಡಿ ಹೊರಡುವ ಮೊದಲು ಇವರ ಕಣ್ಣಿಗೆ ಬೀಳುವ ಹಾಗೆ ಬಟ್ಟೆಯ ಹಗ್ಗದ ಮೊದಲ ಕ್ಲಿಪ್ಪಿಗೆ ಸಿಕ್ಕಿಸುತ್ತೇನೆ.

ಮೇಸ್ತ್ರಿಗಳಿಗೆ,

ನಮ್ಮ ಕಾರು ಗುಜರಿಗೆ ಹೋಗುವುದಿಲ್ಲ. ಆ ಎಂಜಿನ್ ಇಳಿಸಿ ನಮ್ಮದಕ್ಕೆ ಕೂರಿಸಿ. ಕಡೆಯ ವಾಲ್ವು ಬಿಗಿ ಮಾಡಿ. ಫಿಲ್ಟರಿಗೆ ಹೊಸ ರಬ್ಬರು ಹಾಕಿ. ಮುಂದಿನ ಎಡಗಡೆ ಸೀಟು ಇಪ್ಪತ್ತೆರಡು ವರ್ಷ ಬರೀ ಬಟ್ಟೆ ಹೊತ್ತದ್ದು, ಅದರ ಸ್ಪ್ರಿಂಗು ಮನುಷ್ಯರ ಭಾರ ತಡೆಯುತ್ತದೆಯೇ ನೋಡಿ. ಮೊದಲ ಸಲ ಕೀಲಿ ತಿರುಗಿಸುವಾಗ ಕರೆಯಿರಿ, ಸ್ಕ್ರೂಡ್ರೈವರ್ ನಾನು ಹಿಡಿಯುತ್ತೇನೆ.

ರೀ, ನೀವಾಗಲಿ ನಿಮ್ಮ ತಂಗಿಯಾಗಲಿ, ಯಾರಾದರೊಬ್ಬರು ಬಂದು ಈ ಉತ್ತರ ತೆಗೆದುಕೊಂಡು ಹೋಗಿ ಮೇಸ್ತ್ರಿಯ ಕೈಗೆ ಕೊಡಿ. ಹನ್ನೆರಡರವರೆಗೆ ಕಾಯಬೇಡಿ.